ಓಗೊಡುವವರು

ಕೇಳುಗರಿಗೆ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ಗುಡ್ಡದ ಬುಡದಲ್ಲಿ ನಮ್ಮ ಅಡಿಕೆ ತೋಟ. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಸಂಜೆ ದನವನ್ನು ಕರೆಯುವಾಗ ನನ್ನ ಸ್ವರವೇ ನನಗೆ ಹೊಸದಾಗಿ ಕೇಳುತ್ತಿತ್ತು.

ಒಂದು ಬೇಸಗೆಯಲ್ಲಿ ಮಣ್ಣು ಕುಸಿದು ಸುರಂಗದ ನೀರು ನಿಂತಿತು. ದೂರದ ಕೇಳುಗರಿಗಾಗಿ ಹೇಳುತ್ತೇನೆ: ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬರು ಹೋಗುವಷ್ಟೇ ಅಗಲಕ್ಕೆ ಮುರಕಲ್ಲೆಂಬ ಕೆಂಪು ಕಲ್ಲನ್ನು ಕೊರೆದದ್ದೇ ಸುರಂಗ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದರೂ ನಮ್ಮ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಗುಡ್ಡದೊಳಗೆ ಇಂಗಿದ್ದು ಸುರಂಗದಲ್ಲಿ ಒಸರಿ, ಪಂಪಿನ ಹಂಗಿಲ್ಲದೆ ಕೆರೆಗೆ ಹರಿದು ಬರುತ್ತದೆ. ನಮ್ಮದು 40 ಕೋಲು ಉದ್ದ, ನೂರು ಅಡಿಯ ಹತ್ತಿರ.

ಮಣ್ಣು ತೆಗೆಯಲು ಚಂದ್ರಗಿರಿ ಹೊಳೆಯಾಚೆಯಿಂದ ಅರುವತ್ತು ದಾಟಿದ ಒಬ್ಬರು ಬಂದರು. ಅವರ ಮಲೆಯಾಳ ನನಗೆ ಅರ್ಧ ತಿಳಿಯದು, ನನ್ನ ಕನ್ನಡ ಅವರಿಗೆ ಬಾರದು. ಹರಕು ತುಳುವಿನಲ್ಲಿ ಮಾತು ಸಾಗಿತು. ಮಣ್ಣು ಹೊರುವ ಜೊತೆಗಾರ ಮಧ್ಯಾಹ್ನದ ಮೇಲೆಯೇ ಬರುವವನು. ಬೆಳಗ್ಗೆ ಅವರೊಬ್ಬರೇ.

"ಅಕ್ಕಾ, ನೀವು ಸುರಂಗದ ಬಾಯಿಯಲ್ಲಿ ಕೂತಿರಿ. ನಾನು ಕೂ ಹಾಕಿದಾಗ ಓ ಅನ್ನಿ. ನೀವು ಕೂ ಹಾಕಿದಾಗ ನಾನು ಓ ಅನ್ನದಿದ್ದರೆ ಜನ ಕರೆಯಿರಿ" ಎಂದರು. ಮೇಣದ ಬತ್ತಿ ಹಿಡಿದು ಒಳಹೋದರು. ಬತ್ತಿ ನಂದಿದರೆ ಉಸಿರಾಡಲು ಗಾಳಿ ಸಾಲದೆಂದು ಲೆಕ್ಕ.

ಮೊದಲ ದಿನ ನನ್ನ 'ಓ' ಗಂಟಲಿನಲ್ಲೇ ಉಳಿಯಿತು. ಅವರು ಬಗ್ಗಿಕೊಂಡು ಹೊರಗೆ ಬಂದು, ಕೆಂಪು ಮಣ್ಣು ಮೆತ್ತಿದ ಮುಖದಲ್ಲಿ ನನ್ನನ್ನು ನೋಡಿ, ಇನ್ನೂ ಜೋರಾಗಿ ಎಂದು ಕೈಸನ್ನೆ ಮಾಡಿ ಮತ್ತೆ ಒಳಹೋದರು. ಮೂರನೆಯ ದಿನ ನನ್ನ ಕೂಗಿಗೆ ಉತ್ತರವೇ ಬರಲಿಲ್ಲ. ಎರಡು ಸಲ, ಮೂರು ಸಲ ಕೂಗಿದೆ. ಕಾಲಿನ ಬಲ ಹೋಯಿತು. ಹೆಸರು ಕೂಡ ಕೇಳಿಟ್ಟುಕೊಳ್ಳದ ಮನುಷ್ಯನಿಗಾಗಿ ಮಹಾಲಿಂಗೇಶ್ವರನಿಗೆ ಹರಕೆ ಹೇಳಿಕೊಂಡೆ. ಆಗ ಒಳಗಿನಿಂದ, ಪಿಕ್ಕಾಸಿನ ಸದ್ದಿನ ಹಿಂದೆಯೇ, ಉದ್ದವಾದ 'ಓ' ಬಂತು.

ಅಂದು ಗಂಜಿ ಬಡಿಸುವಾಗ ಅವರು ಕೇಳಿದರು: "ಮನೆಯೊಳಗೆ ನಿಮಗೆ ಓ ಅನ್ನುವವರು ಯಾರು?"

ನಾನು ಮಿಡಿ ಉಪ್ಪಿನಕಾಯಿ ತರಲು ಒಳಗೆ ಹೋದೆ.

ಹನ್ನೊಂದನೆಯ ದಿನ ಕೆಂಪಗೆ, ಮರುದಿನ ತಿಳಿಯಾಗಿ ನೀರು ಬಂತು. ಅವರು ಹೊರಟರು.

ಈ ವರ್ಷ ವಿಷುವಿನ ಬೆಳಗ್ಗೆ ಫೋನು ಬಂತು. ಯಾರು, ಏನು ಎಂದಿಲ್ಲ. ಬರಿಯ ಒಂದು ಕೂ. ಕೈಯಲ್ಲಿ ಪಾಯಸದ ಸೌಟಿತ್ತು. "ಓ" ಎಂದೆ, ತೋಟದಾಚೆಯ ಮನೆಗೂ ಕೇಳುವಷ್ಟು ಜೋರಾಗಿ.