ತಿಂದದ್ದೆಲ್ಲ ಮೈಗೆ ಹತ್ತುವುದಿಲ್ಲ

ಎಲ್ಲರಿಗೂ ನಮಸ್ಕಾರ.

ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಏನೇನು ತಿಂದಿರಿ, ಏನೇನು ಕುಡಿದಿರಿ? ಆಹಾರ ಸಮೀಕ್ಷೆಯಲ್ಲಿ ನಾವು ಕೇಳುವ ಪ್ರಶ್ನೆ ಇದು. ನಗರದಲ್ಲಿ ಕೆಲಸಕ್ಕೆ ಹೋಗುವ ಇಪ್ಪತ್ತೈದರ ಯುವತಿ ಮಧ್ಯಾಹ್ನದ ಊಟ, ರಾತ್ರಿಯ ಊಟ ಎಂದು ಎರಡೇ ಸಾಲು ಬರೆಸುತ್ತಾಳೆ. ಬೆಳಿಗ್ಗೆ? "ಹೊತ್ತಾಗಿತ್ತು, ಬರೀ ಚಹಾ." ನಡುವೆ? ಸ್ವಲ್ಪ ಯೋಚಿಸಿದ ಮೇಲೆ ಹನ್ನೊಂದರ ಕಾಫಿ, ಊಟ ಮುಗಿಯುತ್ತಲೇ ಕುಡಿದ ಚಹಾ, ಸಂಜೆಯ ಬಿಸ್ಕತ್ತು ಒಂದೊಂದಾಗಿ ನೆನಪಿಗೆ ಬರುತ್ತವೆ. ನನ್ನ ಕಣ್ಣು ಆ ಮರೆತುಹೋದ ಲೋಟಗಳ ಮೇಲೆಯೇ ಇರುತ್ತದೆ, ಊಟದ ಕಬ್ಬಿಣ ಮೈಗೆ ಹತ್ತದಂತೆ ಅವು ತಡೆಯಬಲ್ಲವು.

ಹೆಣ್ಣಿನ ದೇಹದಲ್ಲಿ ಕಬ್ಬಿಣದ ಲೆಕ್ಕ ಬಹಳ ಬಿಗಿ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತ ಹೋಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಹೆಚ್ಚುಕಡಿಮೆ ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ಅಂದರೆ ತಿಂಗಳಿಗೆ 15ರಿಂದ 20 ಮಿಲಿಗ್ರಾಂ ಖರ್ಚು. ಆದ್ದರಿಂದಲೇ ಅಮೆರಿಕದ ಶಿಫಾರಸಿನಲ್ಲಿ ವಯಸ್ಕ ಗಂಡಸಿಗೆ ದಿನಕ್ಕೆ 8 ಮಿಲಿಗ್ರಾಂ ಸಾಕಾದರೆ, 19ರಿಂದ 50 ವರ್ಷದ ಹೆಣ್ಣಿಗೆ 18 ಬೇಕು. ಸಾಮಾನ್ಯವಾಗಿ ಗಂಡಸಿಗಿಂತ ಕಡಿಮೆ ಉಣ್ಣುವವಳಿಗೆ ಅವನ ಎರಡರಷ್ಟು ಕಬ್ಬಿಣ!

ತಿಂದದ್ದೆಲ್ಲ ಮೈಗೆ ಹತ್ತುವುದೂ ಇಲ್ಲ. ಮಾಂಸದ ಕಬ್ಬಿಣ ಸುಲಭವಾಗಿ ಹತ್ತುತ್ತದೆ. ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣ ಎಷ್ಟು ಹತ್ತುತ್ತದೆ ಎಂಬುದು ಅದರ ಜೊತೆಗೆ ಏನಿದೆ ಎಂಬುದರ ಮೇಲೆ ನಿಂತಿದೆ. ಕಾಳಿನ ಮೇಲೆ ಹಿಂಡಿದ ನಿಂಬೆರಸ ಅದಕ್ಕೆ ಸಹಾಯ ಮಾಡುತ್ತದೆ. ಊಟದ ಜೊತೆಗೇ ಕುಡಿದ ಚಹಾದ ಒಗರು ಅದನ್ನು ಹಿಡಿದಿಟ್ಟುಕೊಂಡು, ಹೀರಿಕೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಲ್ಲದು. ಒಂದು ಗಂಟೆ ಬಿಟ್ಟು ಕುಡಿದರೆ ಈ ತೊಂದರೆ ತಗ್ಗುತ್ತದೆ. ಚಹಾ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೊತ್ತು ಬದಲಿಸಿ ಎನ್ನುತ್ತೇನೆ.

ನನಗೆ ಹೆಚ್ಚು ಸಂಕಟವಾಗುವುದು ಇನ್ನೊಂದು ಮಾತಿಗೆ: "ಹಿಮೋಗ್ಲೋಬಿನ್ ಸರಿಯಾಗಿದೆ, ಆದರೂ ಸುಸ್ತು." ಆ ಸುಸ್ತನ್ನು ಮನೆಯವರು ಸೋಮಾರಿತನ ಎನ್ನುತ್ತಾರೆ, ಅವಳು ಕೆಲಸದ ಒತ್ತಡ ಎಂದುಕೊಳ್ಳುತ್ತಾಳೆ. ಕಬ್ಬಿಣ ಸಾಲದಾದಾಗ ದೇಹ ಮೊದಲು ತಾನು ಕೂಡಿಟ್ಟ ಕಬ್ಬಿಣದ ಉಗ್ರಾಣವನ್ನು ಬರಿದು ಮಾಡುತ್ತದೆ. ಹಿಮೋಗ್ಲೋಬಿನ್ ಇಳಿಯುವುದು ಕಟ್ಟಕಡೆಗೆ. ಉಗ್ರಾಣದ ಸ್ಥಿತಿ ತಿಳಿಯುವುದು ಕಬ್ಬಿಣವನ್ನು ಕೂಡಿಡುವ ಫೆರಿಟಿನ್ ಎಂಬ ಪ್ರೋಟೀನಿನ ರಕ್ತಪರೀಕ್ಷೆಯಿಂದ. ಆರೋಗ್ಯವಂತ ವಯಸ್ಕರಲ್ಲಿ ಅದು ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಪರಿಗಣಿಸುತ್ತದೆ. 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಸುಮಾರು ಶೇ 30ರಷ್ಟು ಮಂದಿಗೆ ರಕ್ತಹೀನತೆಯಿದೆ ಎಂಬುದು ಅದೇ ಸಂಸ್ಥೆಯ 2019ರ ಜಾಗತಿಕ ಅಂದಾಜು. ಉಗ್ರಾಣ ಮಾತ್ರ ಬರಿದಾದವರು ಆ ಲೆಕ್ಕದಲ್ಲಿ ಸೇರಿಲ್ಲ.

ರಕ್ತಹೀನತೆಯ ಇನ್ನೊಂದು ಕಾರಣದ ಬಗ್ಗೆ ನಗರದಲ್ಲಿ ದುಡಿಯುವ ಹೆಂಗಸರಿಂದಲೇ ಒಂದು ದೊಡ್ಡ ಸುಳಿವು ಸಿಕ್ಕಿದ್ದನ್ನು ಇಲ್ಲಿ ನೆನೆಯಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ವೈದ್ಯೆ ಮುಂಬೈಗೆ ಬಂದು, ಜವಳಿ ಗಿರಣಿಗಳ ಬಸುರಿ ಕೆಲಸಗಾರ್ತಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ದೋಷ ಆಹಾರದಲ್ಲಿದೆ ಎಂದು ಕಂಡುಕೊಂಡು ಯೀಸ್ಟ್ ಸಾರ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. ಅದರಲ್ಲಿದ್ದ ಅಂಶವೇ ಮುಂದೆ ಫೋಲೇಟ್ ಎಂಬ ಬಿ ವಿಟಮಿನ್ ಎಂದು ಗುರುತಾಯಿತು. ಗರ್ಭಸ್ಥ ಶಿಶುವಿನ ಮಿದುಳು, ಬೆನ್ನುಹುರಿಯಾಗಿ ಬೆಳೆಯುವ ನರನಾಳ ಸರಿಯಾಗಿ ಮುಚ್ಚಿಕೊಳ್ಳಲೂ ಫೋಲೇಟ್ ಬೇಕು. ಅದು ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ. ಎಷ್ಟೋ ಮಂದಿಗೆ ಬಸಿರೆಂದು ಆಗ ತಿಳಿದೇ ಇರುವುದಿಲ್ಲ. ಆದ್ದರಿಂದಲೇ ಫೋಲೇಟಿನ ಮಾತ್ರೆಯ ರೂಪವಾದ ಫೋಲಿಕ್ ಆಮ್ಲವನ್ನು ದಿನಕ್ಕೆ 400 ಮೈಕ್ರೋಗ್ರಾಂ, ಬಸಿರಿಗೆ ಮೊದಲಿನಿಂದಲೇ ಸೇವಿಸಬೇಕೆಂಬ ಸಲಹೆ.

ಮೂಳೆ ಗಟ್ಟಿಯಾಗುವ ಕಾಲ ಸುಮಾರು ಮೂವತ್ತರ ಹೊತ್ತಿಗೆ ಮುಗಿಯುತ್ತದೆ. ಕಚೇರಿಯ ಗಾಜಿನ ಕಿಟಕಿಯಿಂದ ಬರುವ ಬಿಸಿಲು ಮೂಳೆಗೆ ಬೇಕಾದ ಡಿ ವಿಟಮಿನ್ ಕೊಡುವುದಿಲ್ಲ, ಅದಕ್ಕೆ ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ಮೊಟ್ಟೆ, ಹಾಲು, ಮಾಂಸ ಯಾವುದನ್ನೂ ಮುಟ್ಟದವರಿಗೆ ರಕ್ತಕ್ಕೂ ನರಗಳಿಗೂ ಬೇಕಾದ ಬಿ12 ವಿಟಮಿನ್ ಮಾತ್ರೆಯಿಂದಲೋ ಅದನ್ನು ಬೆರೆಸಿದ ಆಹಾರದಿಂದಲೋ ಸಿಗಬೇಕು.

ತೆಳ್ಳಗಾಗಲೆಂದು ಊಟ ಬಿಡುವವರಿಗೆ ಒಂದು ಮಾತು. ಅನ್ನದ ಜೊತೆಗೆ ಇವೆಲ್ಲವೂ ಬಿಟ್ಟುಹೋಗುತ್ತವೆ. ಮುಟ್ಟು ನಿಂತಿತೆಂದರೆ ದೇಹ ದಿನದ ಖರ್ಚಿಗೂ ಪರದಾಡುತ್ತಿರಬಹುದು.

ಕೊನೆಯದಾಗಿ, ತಟ್ಟೆಯಿಂದ ಸರಿಹೋಗದ ಕೊರತೆಯೂ ಇದೆ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅತಿಸ್ರಾವ. ಅಳೆದು ನೋಡುವವರು ಯಾರೂ ಇಲ್ಲ, ನಿಜ. ಆದರೆ ಗಂಟೆಗೊಮ್ಮೆ ಪ್ಯಾಡ್ ಬದಲಿಸುವ ಹುಡುಗಿ "ಎಲ್ಲರಿಗೂ ಹೀಗೇ ತಾನೆ?" ಎಂದು ನನ್ನನ್ನು ಕೇಳಿದ್ದಿದೆ. ಎಲ್ಲರಿಗೂ ಹೀಗಲ್ಲ. ಅಂಥವರು ಕಬ್ಬಿಣದ ಮಾತ್ರೆಯನ್ನು ತಾವೇ ಕೊಂಡು ನುಂಗದೆ ಮೊದಲು ವೈದ್ಯರನ್ನು ಕಾಣಬೇಕು.