ಸದಲಗಾದ ಉಪಾಧ್ಯೆ ಮಾಸ್ತರರು

ಕೇಳುಗರೇ, ನಮಸ್ಕಾರ.

ಅಕ್ಕ, ಅಪ್ಪ, ಊರು, ಹುಲಿ. ಈ ನಾಲ್ಕು ಮಾತಿಗೆ ಅರ್ಥ ಹೇಳಿ ಅಂದರೆ ನೀವು ನಗುತ್ತೀರಿ. ಆದರೆ 12ನೇ ಶತಮಾನದಲ್ಲಿ ಗುಜರಾತಿನ ಹೇಮಚಂದ್ರ ಎಂಬ ಜೈನ ಪಂಡಿತ ಇವಕ್ಕೂ ಅರ್ಥ ಬರೆಯಬೇಕಾಯಿತು. ಸಂಸ್ಕೃತದ ಮೂಲ ಸಿಗದ ಮಾತುಗಳನ್ನು ಅವನು ‘ದೇಶೀನಾಮಮಾಲೆ’ ಎಂಬ ಕೋಶದಲ್ಲಿ ಕೂಡಿಹಾಕಿದ. ಅದರಲ್ಲಿ ಅಕ್ಕಾ ಇದ್ದಾಳೆ, ಅಪ್ಪ ಇದ್ದಾನೆ, ಊರ ಇದೆ, ‘ಪುಲ್ಲಿ’ ಅಂತ ಹುಲಿಯೂ ಇದೆ. ಇಂಥ ಕೋಶಗಳಲ್ಲಿ ಕನ್ನಡದ ಮಾತು ಯಾವುವು ಅಂತ 1931ರಲ್ಲೇ ಒಬ್ಬರು ಹುಡುಕಿ ಪ್ರಬಂಧ ಬರೆದರು. ಆಗ ಅವರ ವಯಸ್ಸು ಬರೀ 25. ಊರು ನಮ್ಮ ಬೆಳಗಾವಿ ಜಿಲ್ಲೆಯ, ದೂಧಗಂಗಾ ದಂಡೆಯ ಸದಲಗಾ.

ಅವರೇ ಆದಿನಾಥ ನೇಮಿನಾಥ ಉಪಾಧ್ಯೆ. ಹುಟ್ಟಿದ್ದು 1906ರಲ್ಲಿ. 1930ರಿಂದ 1962ರವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಜೈನರ ಹಳೆಯ ಗ್ರಂಥಗಳ ಪ್ರಾಕೃತ ನುಡಿಯಾದ ಅರ್ಧಮಾಗಧಿ ಕಲಿಸಿದರು. 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆಮೇಲೆ ಮೈಸೂರು ವಿಶ್ವವಿದ್ಯಾಲಯ, 1975ರಲ್ಲಿ ಸಾವು. ಇಷ್ಟು ಸಂಗತಿ ಯಾವ ಪುಸ್ತಕದ ಬೆನ್ನಿಗಾದರೂ ಸಿಗುತ್ತದೆ, ಬಿಡಿ. ನನಗೆ ಹೇಳಬೇಕಾಗಿರುವುದು ಅವರು ಕೆಲಸ ಮಾಡುತ್ತಿದ್ದ ರೀತಿ.

ಕೊಲ್ಹಾಪುರದ ಲಕ್ಷ್ಮೀಸೇನ ಮಠದಲ್ಲಿ ಅವರಿಗೆ ಒಂದು ತಾಳೆಗರಿಯ ಕಟ್ಟು ಸಿಕ್ಕಿತು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಕಾವ್ಯದ ಹೆಸರು ‘ವರಾಂಗಚರಿತ’. ಬರೆದವರು ಯಾರು? ರವಿಷೇಣ ಅಂತ ಆವರೆಗೆ ವಿದ್ವಾಂಸರು ನಂಬಿದ್ದರು. ಉಪಾಧ್ಯೆಯವರು ಅದನ್ನು ಸುಮ್ನೆ ಒಪ್ಪಲಿಲ್ಲ. ಬೇರೆ ಬೇರೆ ಕವಿಗಳು ಹಳಬರನ್ನು ನೆನೆಯುವ ಪದ್ಯಗಳನ್ನು ಒಂದೊಂದಾಗಿ ತೆಗೆದು ನೋಡಿದರು. ‘ಕುವಲಯಮಾಲಾ’ ಎಂಬ ಪ್ರಾಕೃತ ಕಥೆಯ ಪದ್ಯವೊಂದರಲ್ಲಿ ವರಾಂಗನ ಕಥೆ, ಪದ್ಮನ (ಅಂದರೆ ಜೈನರ ರಾಮನ) ಕಥೆ ಎರಡರ ಹೆಸರೂ ಬರುತ್ತದೆ. ಜೊತೆಗೆ ಇಬ್ಬರು ಕವಿಗಳು: ಜಟಿಲ, ರವಿಷೇಣ. ಅಂದರೆ ಆಸ್ತಿ ಎರಡು, ವಾರಸುದಾರರೂ ಇಬ್ಬರು! ಪದ್ಮನ ಕಥೆ ರವಿಷೇಣನದು, ವರಾಂಗನದು ಜಟಿಲನದು. ನಮ್ಮ ಪಂಪನೂ ಆದಿಪುರಾಣದಲ್ಲಿ ಜಟಾಚಾರ್ಯರನ್ನು ನೆನೆದಿದ್ದಾನೆ. ಕೊಪ್ಪಳದ ಗುಡ್ಡದ ಮೇಲೆ ಬಂಡೆಯಲ್ಲಿ ಕೊರೆದ ಪಾದಗಳಿವೆ, ಪಕ್ಕದಲ್ಲಿ ಚಿಕ್ಕ ಬರಹ: ‘ಜಟಾಸಿಂಗನಂದಿ ಆಚಾರ್ಯರ ಪದವಂ ಚಾವಯ್ಯಂ ಮಾಡಿಸಿದಂ’. ಜಟಿಲ, ಜಟಾಚಾರ್ಯ, ಜಟಾಸಿಂಹನಂದಿ, ಮೂರೂ ಒಬ್ಬನದೇ ಹೆಸರು. 1938ರಲ್ಲಿ ಪುಸ್ತಕ ಅಚ್ಚಾದಾಗ ಅದರ ಮೇಲೆ ಜಟಾಸಿಂಹನಂದಿಯ ಹೆಸರಿತ್ತು. ನೂರಾರು ವರ್ಷದ ಮೇಲೆ ಒಬ್ಬ ಕವಿಗೆ ತನ್ನ ಪುಸ್ತಕ ವಾಪಸು ಸಿಕ್ಕಿತು.

ಉಪಾಧ್ಯೆಯವರ ಪೀಠಿಕೆಗಳನ್ನು ಓದುವಾಗ ನನಗೆ ಕೋರ್ಟಿನ ನೆನಪಾಗುತ್ತದೆ. ಸಾಕ್ಷಿ ಬರುತ್ತದೆ, ಪಾಟೀಸವಾಲು ನಡೆಯುತ್ತದೆ, ತೀರ್ಪು ಮಾತ್ರ ಮೆಲ್ಲಗಿನ ದನಿಯಲ್ಲಿ. ಹರಿಷೇಣನ ‘ಬೃಹತ್ಕಥಾಕೋಶ’ ಎಂಬ ಸಂಸ್ಕೃತದ ಜೈನ ಕಥೆಗಳ ಗ್ರಂಥವನ್ನು 1943ರಲ್ಲಿ ಸಂಪಾದಿಸಿ ತಂದರು. ಅದರಲ್ಲಿ 157 ಕಥೆ. ಅದರ ಪೀಠಿಕೆಯಲ್ಲಿ ನಮ್ಮ ‘ವಡ್ಡಾರಾಧನೆ’ಯ ಪ್ರಸ್ತಾಪವೂ ಇದೆ. ವಡ್ಡಾರಾಧನೆ ಓದುವವರು ಆ ಪೀಠಿಕೆಯನ್ನು ಬಿಡುವಂತಿಲ್ಲ. ಹಾಗೆಯೇ ಯಾಪನೀಯರು ಎಂಬ, ಈಗ ಇಲ್ಲವಾದ ಜೈನ ಪಂಥದ ಮೇಲೆ ಮತ್ತೆ ಮತ್ತೆ ಬರೆದರು. ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳಲ್ಲಿ ಆ ಯಾಪನೀಯರ ಹೆಸರಿದೆ.

ಹೀಗೆ ಪತ್ರಿಕೆಗಳಲ್ಲಿ ಚದುರಿಹೋಗಿದ್ದ ಅವರ ಇಂಗ್ಲಿಷ್ ಲೇಖನಗಳನ್ನು ಕೂಡಿಸಿ ಮೈಸೂರು ವಿಶ್ವವಿದ್ಯಾಲಯ 1983ರಲ್ಲಿ ‘ಉಪಾಧ್ಯೆ ಪೇಪರ್ಸ್’ ಅಂತ ಹೊರತಂದಿತು. ದಪ್ಪ ಪುಸ್ತಕ. ಜಾಸ್ತಿ ಬರೆದದ್ದು ಇಂಗ್ಲಿಷಿನಲ್ಲಿ, ಅದೂ ಪ್ರಾಕೃತದ ಮೇಲೆ. ಅದಕ್ಕೇ ಇರಬೇಕು, ಜಿಲ್ಲೆಯವರಾದರೂ ನಮ್ಮ ಮನೆಮಾತಿನಲ್ಲಿ ಅವರ ಹೆಸರು ಅಪರೂಪ.

ಅಂದಹಾಗೆ, ಜಟಿಲನ ಪರವಾಗಿ ಸಾಕ್ಷಿ ಹೇಳಿತಲ್ಲ ಆ ಕುವಲಯಮಾಲಾ, ಅದನ್ನೂ ಅವರೇ ಸಂಪಾದಿಸಿದರು. ಕಥೆ ಕ್ರಿ. ಶ. 779ರದ್ದು, ರಾಜಸ್ಥಾನದ ಜಾಲೋರಿನಲ್ಲಿ ಉದ್ಯೋತನಸೂರಿ ಬರೆದದ್ದು. ಮೂಲ 1959ರಲ್ಲಿ ಬಂತು. ಪೀಠಿಕೆ, ಟಿಪ್ಪಣಿ ಬಂದದ್ದು 1970ರಲ್ಲಿ. ನಡುವೆ 11 ವರ್ಷ! ಅವಸರದ ಮನುಷ್ಯ ಅಲ್ಲವೇ ಅಲ್ಲ.

ಅದರಲ್ಲಿ ಒಂದು ಪೇಟೆ ಬರುತ್ತದೆ. ಊರು ವಿಜಯಪುರಿ. ನಮ್ಮ ಗೋಳಗುಮ್ಮಟದ ವಿಜಯಪುರ ಅಂದುಕೊಳ್ಳಬೇಡಿ, ಇದು ಕಡಲ ಕಡೆಯ ಊರು. ನಾನಾ ದೇಶದ ವ್ಯಾಪಾರಿಗಳು ತಮ್ಮ ತಮ್ಮ ನುಡಿಯಲ್ಲಿ ಗದ್ದಲ ಮಾಡುತ್ತಿದ್ದಾರೆ. ರಾಜಕುಮಾರ ನಿಂತು ಕೇಳುತ್ತಾನೆ. ಮರಾಠರು ‘ದಿಣ್ಣಲೆ ಗಹಿಲ್ಲೆ’ ಅನ್ನುತ್ತಾರೆ, ಅಂದರೆ ಕೊಟ್ಟೆ, ತಗೊಂಡೆ. ಪಕ್ಕದಲ್ಲೇ ಎಲ್ಲೋ ಕನ್ನಡದವರು. ಸದಲಗಾ ಕಡೆಯ ಸಂತೆಯಲ್ಲಿ ಇವತ್ತಿಗೂ ಹೀಗೇ ಅಲ್ವಾ? ಬದನೆಕಾಯಿಗೆ ಕನ್ನಡದಲ್ಲಿ ಚೌಕಾಸಿ, ಚಿಲ್ಲರೆ ಎಣಿಸುವಾಗ ಮರಾಠಿ. ಈ ಪುಟದ ಕರಡು ತಿದ್ದುವಾಗ ಮಾಸ್ತರರು ಒಮ್ಮೆಯಾದರೂ ನಕ್ಕಿರಬೇಕು ಅಂತ ನನ್ನ ಊಹೆ.

ಆ ಕನ್ನಡದವರು ಏನಂದರು ಗೊತ್ತೇ? ‘ಅಡಿ ಪಾಂಡಿ ಮರೆ’. ಉತ್ತರದ ಕವಿಯ ಕಿವಿಗೆ ನಮ್ಮ ಮಾತು ಬಿದ್ದದ್ದು ಹೀಗೆ. ನಾನು ಎಷ್ಟೋ ಸಲ ಬಾಯಿಬಿಟ್ಟು ಓದಿದ್ದೇನೆ. ಕೊನೆಯ ‘ಮರೆ’ ಒಮ್ಮೊಮ್ಮೆ ‘ಮಾರಾಯಾ’ ಅಂದಂತೆ ಕೇಳಿಸುತ್ತದೆ. ಮೊದಲಿನ ಎರಡನ್ನು ನೀವೂ ಒಮ್ಮೆ ಗಟ್ಟಿಯಾಗಿ ಅಂದು ನೋಡಿ.

ನಮಸ್ಕಾರ.