ತೊಡೆ ಮೇಜಲ್ಲ, ಕೇಕನ್ನು ಕಾರಿನ ನೆಲಕ್ಕಿಡಿ

ನಮಸ್ಕಾರ ಸ್ನೇಹಿತರೇ. ಈ ವಾರ ಮಾವಿನ ಹಣ್ಣಿನ ಕೇಕ್ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅದು ಮುಂದಿನ ವಾರಕ್ಕೆ ಹೋಗಿದೆ, ಕ್ಷಮಿಸಿ. ಕಳೆದ ವಿಡಿಯೊದ ಕೆಳಗೆ ಒಬ್ಬರು ಬರೆದ ಮಾತು ಮೂರು ದಿನದಿಂದ ನನ್ನ ತಲೆ ಕೊರೆಯುತ್ತಿದೆ. ಓದುತ್ತೇನೆ, ಕೇಳಿ: "ಅಷ್ಟು ದುಡ್ಡು ಕೊಟ್ಟು ಮಾಡಿಸಿದ ಕೇಕನ್ನು ಕಾರಿನಲ್ಲಿ ಕಾಲಿನ ಬಳಿ ಇಡಿ ಎನ್ನುತ್ತೀರಲ್ಲ, ತಿನ್ನುವ ಪದಾರ್ಥಕ್ಕೆ ಮರ್ಯಾದೆ ಬೇಡವೇ? ನಾವು ತೊಡೆಯ ಮೇಲೆಯೇ ಇಟ್ಟುಕೊಂಡು ಹೋಗುತ್ತೇವೆ, ಏನೂ ಆಗುವುದಿಲ್ಲ."

ಏನೂ ಆಗುವುದಿಲ್ಲವಂತೆ! ಏನಾಗುತ್ತದೆ ಎಂದು ಹೇಳುತ್ತೇನೆ.

ಏಪ್ರಿಲ್ ಕೊನೆಯ ಭಾನುವಾರ. ಮೈಸೂರಿನ ನಮ್ಮ ಮನೆಯಿಂದ ನಂಜನಗೂಡಿಗೆ, ಒಂದು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಎರಡು ಅಂತಸ್ತಿನ ಕೇಕ್. ಕೆಳಗಿನದು 8 ಇಂಚು, ಮೇಲಿನದು 6 ಇಂಚು, ಎರಡೂ ಐದೈದು ಇಂಚು ಎತ್ತರ. ಕೆಳಗಿನ ಕೇಕಿನೊಳಗೆ ಐದು ಕಡ್ಡಿ ನಿಲ್ಲಿಸಿ, ಅವುಗಳ ಮೇಲೆ ತೆಳು ಬೋರ್ಡಿನ ಸಮೇತ ಮೇಲಿನ ಕೇಕ್ ಕೂರಿಸಿದ್ದೆ. ತುದಿ ಚೂಪು ಮಾಡಿದ ಉದ್ದನೆಯ ಮರದ ಕೋಲೊಂದನ್ನು ನಡುಮಧ್ಯದಲ್ಲಿ ತಳದ ಬೋರ್ಡಿನವರೆಗೂ ಸುತ್ತಿಗೆಯಿಂದ ಬಡಿದು ಇಳಿಸಿದ್ದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿದ್ದೆ. ಕಾರಿನ ಮುಂದಿನ ಸೀಟಿನ ಎದುರು, ಕಾಲಿಡುವ ಜಾಗದಲ್ಲಿ, ತೊಳೆದ ಬಟ್ಟೆ ಹಾಸಿ, ಅದರ ಮೇಲೆ ಜಾರದ ರಬ್ಬರ್ ಹಾಸು ಹಾಸಿ, ಡಬ್ಬವನ್ನು ನಾನೇ ಕೈಯಾರೆ ಇಳಿಸಿದ್ದೆ. ಕಾರು ನಮ್ಮ ಬೀದಿಯ ತಿರುವು ದಾಟಿದ ಮೇಲೆ, ಕೇಕ್ ಒಯ್ಯಲು ಬಂದಿದ್ದ ಆ ಮಗುವಿನ ಮನೆಯ ಹಿರಿಯರೊಬ್ಬರು "ಛೇ, ಕಾಲಿನ ಹತ್ತಿರವೇ" ಎಂದು ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರಂತೆ.

ಕಡಕೊಳ ದಾಟುವಷ್ಟರಲ್ಲಿ ನನಗೆ ಫೋಟೊ ಬಂತು. ಡಬ್ಬದ ಎರಡೂ ಬದಿಯ ರಟ್ಟು ಒಳಕ್ಕೆ ಬಾಗಿತ್ತು, ಅಪ್ಪಿ ಹಿಡಿದ ಕೈಗಳ ಗುರುತು. ಆ ಬದಿಯ ಕೆನೆಯ ಗುಲಾಬಿಗಳೆಲ್ಲ ರಟ್ಟಿಗೆ ಮೆತ್ತಿಕೊಂಡಿದ್ದವು. ಮಗುವಿನ ಹೆಸರಿನ ಎರಡನೆಯ ಅಕ್ಷರ ಒರೆಸಿ ಹೋಗಿತ್ತು. ಮೇಲಿನ ಅಂತಸ್ತಿನ ಬುಡದಲ್ಲಿ ಬೆರಳು ತೂರುವಷ್ಟು ಬಿರುಕು. ಆ ಗುಲಾಬಿಗಳನ್ನು ನಾನು ರಾತ್ರಿ ಎರಡು ಗಂಟೆಯವರೆಗೆ ಕುಳಿತು ಮಾಡಿದ್ದೆ. ಆ ಮಗುವಿನ ತಾಯಿ ಫೋನಿನಲ್ಲಿ ಅತ್ತರು. ನಾನೂ ಅತ್ತೆ.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ. ತೊಡೆ ಮೇಜಲ್ಲ. ಕೇಕನ್ನು ನೆಲಕ್ಕಿಡಿ.

ಈಗ ಲೆಕ್ಕ ನೋಡಿ. ತಳ ಹತ್ತು ಡಿಗ್ರಿ ವಾಲಿದರೆ, ಮೂರು ಇಂಚು ಎತ್ತರದ ಸಾಮಾನ್ಯ ಕೇಕಿನ ತುದಿ ಪಕ್ಕಕ್ಕೆ ಹೋಗುವುದು ಅರ್ಧ ಇಂಚು. ಅದೇ ಹತ್ತು ಡಿಗ್ರಿಗೆ 12 ಇಂಚು ಎತ್ತರದ ಕೇಕಿನ ತುದಿ ಎರಡು ಇಂಚು ವಾಲುತ್ತದೆ. ತೇರು ಎಳೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಗಾಲಿ ಗೇಣುದ್ದ ಹೊರಳಿದರೆ ಮೇಲೆ ಕಳಸ ಎಷ್ಟು ತೂಗಾಡುತ್ತದೆ! ತೊಡೆಯ ಮೇಲೆ ಹತ್ತು ಡಿಗ್ರಿ ಎನ್ನುವುದು ಯಾವ ಲೆಕ್ಕ? ಕುಳಿತಾಗ ಒಂದು ಮಂಡಿ ಮೇಲೆ, ಒಂದು ಕೆಳಗೆ. ಕಾರಿನ ಸೀಟೂ ಅಷ್ಟೇ, ಬೆನ್ನಿನ ಕಡೆಗೆ ಇಳಿಜಾರು. ಸೀಟಿನ ಮೇಲೆ ಇಟ್ಟು ಬೆಲ್ಟ್ ಕಟ್ಟಿದೆ ಎಂದು ಫೋಟೊ ಕಳುಹಿಸುತ್ತಾರೆ. ಬೆಲ್ಟು ಡಬ್ಬವನ್ನು ಹಿಡಿದೀತು. ಒಳಗಿನ ಕೇಕನ್ನು ಯಾರು ಹಿಡಿಯುತ್ತಾರೆ?

"ಒಳಗೆ ಕಡ್ಡಿ ಹಾಕಿದ್ದೀರಲ್ಲ, ಮತ್ತೇಕೆ ಭಯ?" ಎಂದು ಕೇಳುವವರಿದ್ದಾರೆ. ಕಡ್ಡಿಗಳ ಕೆಲಸ ಮೇಲಿನ ಅಂತಸ್ತಿನ ಭಾರ ಹೊರುವುದು. ನಡುವಿನ ಕೋಲಿನ ಕೆಲಸ ಒಂದು ಇನ್ನೊಂದರ ಮೇಲಿಂದ ಜಾರದಂತೆ ತಡೆಯುವುದು. ಕೆನೆ, ಹಣ್ಣಿನ ಹೂರಣ, ಮೆತ್ತನೆಯ ಸ್ಪಂಜು, ಇವಕ್ಕೆ ಮೂಳೆ ಇಲ್ಲ. ಅವು ವಾಲಿದ ಕಡೆಗೆ ಸರಿಯುತ್ತವೆ.

"ತೊಡೆ ಮೆತ್ತಗಿರುತ್ತದೆ, ಹಂಪ್ ಬಂದಾಗ ಕುಲುಕಾಟ ಕಡಿಮೆ" ಎನ್ನುವುದು ಇನ್ನೊಂದು ವಾದ. ಹಂಪಿಗೆ ಇರಬಹುದಪ್ಪ, ಬ್ರೇಕಿಗೆ? ಎದುರಿಗೆ ಹಸು ಬಂದು ಚಾಲಕ ಗಕ್ಕನೆ ಬ್ರೇಕ್ ಹಾಕಿದರೆ ನಿಮ್ಮ ಕೈ ತಾನಾಗಿ ಬಿಗಿಯುತ್ತದೆ, ರಟ್ಟು ಒಳಕ್ಕೆ ಹೋಗುತ್ತದೆ. ಕಡಕೊಳದ ಫೋಟೊ ಅದೇ. ಇನ್ನು ಹಂಪ್‌ಗಳ ವಿಚಾರ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೇಳಿದಂತೆ ಹಂಪ್ 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ ಇರಬೇಕು, 25 ಕಿಲೋಮೀಟರ್ ವೇಗದಲ್ಲಿ ಸಲೀಸಾಗಿ ದಾಟುವಂತಿರಬೇಕು. ನಮ್ಮ ಬಡಾವಣೆಯಲ್ಲಿರುವುದು ಮಾತ್ರ ಮಲಗಿದ ಎಮ್ಮೆಯಂಥವು! ಅವುಗಳ ಮುಂದೆ ಕಾರನ್ನು ಪೂರ್ತಿ ನಿಲ್ಲಿಸಿ ದಾಟಿಸಿ.

ಬಿಸಿಯ ಮಾತೂ ಇದೆ. ಬೆಣ್ಣೆ ಕರಗುವುದು ಸುಮಾರು 32ರಿಂದ 35 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕಿಂತ ಎಷ್ಟೋ ಮೊದಲು. ನಿಮ್ಮ ಮೈ ಬಿಸಿ 37 ಡಿಗ್ರಿ. ಡಬ್ಬವನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಆ ಬದಿ ಒಲೆಯ ಪಕ್ಕ ಇಟ್ಟಂತೆ. ತಂಪು ಗಾಳಿ ಇಳಿಯುವುದು ಕೆಳಕ್ಕೆ. ಹೊರಡುವ ಹತ್ತು ನಿಮಿಷ ಮೊದಲೇ ಎ.ಸಿ. ಹಾಕಿ, ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿ. ಬೆಂಗಳೂರಿನಂಥ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಕರಾವಳಿಯವರಿಗೆ ಇನ್ನೊಂದು ಮಾತು: ತಲುಪಿದ ತಕ್ಷಣ ಡಬ್ಬ ತೆರೆಯಬೇಡಿ. ಮುಚ್ಚಿದ್ದರೆ ಬೆವರು ಡಬ್ಬದ ಹೊರಗೆ ಕೂರುತ್ತದೆ, ತೆರೆದರೆ ಕೇಕಿನ ಮೇಲೆ ಕೂರುತ್ತದೆ.

ಈಗ ಮರ್ಯಾದೆಯ ಮಾತಿಗೆ ಬರೋಣ, ನನಗೆ ನಿಜವಾಗಿ ಚುಚ್ಚಿದ್ದು ಅದೇ. ಅನ್ನಕ್ಕೆ ನೆಲ ಅವಮಾನವೇ? ಮದುವೆ ಮನೆಯ ಪಂಕ್ತಿಯಲ್ಲಿ ಬಾಳೆಲೆ ಹಾಸಿದ್ದು ಎಲ್ಲಿ? ನೈವೇದ್ಯ ಇಟ್ಟದ್ದು ಎಲ್ಲಿ? ನಮ್ಮ ಅಜ್ಜಿ ನೀರಿನ ಕೊಡ ಇಳಿಸಿದಾಗ ಮೊದಲು ನೆಲದ ಮೇಲೆ ಸಿಂಬಿ ಇಟ್ಟು ಅದರ ಮೇಲೆ ಕೊಡ ಕೂರಿಸುತ್ತಿದ್ದರು. ನಾನು ಹಾಸುವ ರಬ್ಬರ್ ಹಾಸೂ ಸಿಂಬಿಯೇ. ನೆಲ ಒರೆಸಿ, ಬಟ್ಟೆ ಹಾಸಿ, ಸಿಂಬಿ ಇಟ್ಟು ಕೂರಿಸಿದ್ದು ಅವಮರ್ಯಾದೆಯಂತೆ, ತೊಡೆಯ ಮೇಲೆ ಜಜ್ಜಿ ಹಾಕುವುದು ಮರ್ಯಾದೆಯಂತೆ! ಮುಂದೆ ಕಾಲಿಡಲು ಜಾಗ ಬೇಕು ಎನ್ನುವವರು ಹಿಂದೆ ಕುಳಿತುಕೊಳ್ಳಿ.

"ಗಣೇಶನನ್ನು ತೊಡೆಯ ಮೇಲೆ ಇಟ್ಟುಕೊಂಡು ತರುತ್ತೇವಲ್ಲ" ಎಂದು ಇನ್ನೊಬ್ಬರು ಬರೆದಿದ್ದಾರೆ. ತನ್ನಿ. ಗಣೇಶ ಒಣಗಿದ ಮಣ್ಣಿನವನು, ಹೊಟ್ಟೆ ಅಗಲ, ಕುಳಿತ ಭಂಗಿ. ಕೆನೆಯ ಗಣೇಶನನ್ನು ಹಾಗೆ ತಂದು ತೋರಿಸಿ.

"ಬೇಕರಿಯ ಹುಡುಗ ಸ್ಕೂಟರಿನಲ್ಲಿ ತಂದುಕೊಡುತ್ತಾನಲ್ಲ?" ಅವನು ತರುವುದು ಅರ್ಧ ಕೆಜಿಯ ಗಿಡ್ಡ ಕೇಕ್. ಎತ್ತರದ ಕೇಕನ್ನು ನಾನು ಯಾವ ಸ್ಕೂಟರಿಗೂ ಕೊಡುವುದಿಲ್ಲ. ಮುಂಗಡ ವಾಪಸು ಕೊಟ್ಟೇನು, ಕೇಕ್ ಕೊಡಲಾರೆ.

ಮನೆಯಲ್ಲೇ ಬೇಕರಿ ನಡೆಸುವ ಅಕ್ಕಂದಿರಿಗೆ ಒಂದು ಮಾತು. ನಾವೂ ಸರಿಯಿರಬೇಕು. ಬೋರ್ಡಿನ ಅಳತೆ, ಡಬ್ಬದ ಒಳ ಅಳತೆ ಒಂದೇ ಆಗಿರಲಿ. 10 ಇಂಚಿನ ಬೋರ್ಡನ್ನು 12 ಇಂಚಿನ ಡಬ್ಬದಲ್ಲಿ ಇಟ್ಟರೆ ದಾರಿಯುದ್ದಕ್ಕೂ ಅದು ಜಾರಾಟ ಆಡುತ್ತದೆ. ಬೋರ್ಡು ಕೈಯಲ್ಲಿ ಬಾಗುವಂತಿದ್ದರೆ ಎರಡಂತಸ್ತಿನ ಕೇಕಿಗೆ ಬಳಸಲೇಬೇಡಿ, 12 ಮಿಲಿಮೀಟರ್ ದಪ್ಪದ್ದನ್ನೇ ತನ್ನಿ. ಎತ್ತರದ ಡಬ್ಬಕ್ಕೆ ಬೇರೆ ಹಣ ಕೇಳಲು ನಾಚಬೇಡಿ. ಮೂರಂತಸ್ತು ಇದ್ದರೆ ಬಿಡಿಬಿಡಿಯಾಗಿ ಒಯ್ದು ಅಲ್ಲೇ ಜೋಡಿಸಿ, ಜೊತೆಗೆ ಒಂದು ಬಟ್ಟಲು ಕೆನೆ ಇರಲಿ. ಡಬ್ಬ ಮಡಿಸುವ ವಿಡಿಯೊ ನನ್ನ ಚಾನೆಲ್‌ನಲ್ಲಿದೆ, ಚಂದಾದಾರರಾಗದವರು ಈಗಲೇ ಆಗಿ. ಬರುವ ತಿಂಗಳ ಎರಡನೆಯ ಭಾನುವಾರ ನಮ್ಮ ಮನೆಯಲ್ಲೇ ತರಗತಿ ಇದೆ, ಎಂಟು ಜನರಿಗೆ ಮಾತ್ರ ಜಾಗ. ಕಡ್ಡಿ, ಕೋಲು, ಡಬ್ಬ ಎಲ್ಲವನ್ನೂ ಕೈಗೆ ಕೊಟ್ಟು ಕಲಿಸುತ್ತೇನೆ.

ಇನ್ನೂ ನಾಲ್ಕು ಕಾರಣ ಬರೆದುಕೊಂಡಿದ್ದೆ. ಬೇಡ, ಚೀಟಿ ಪಕ್ಕಕ್ಕಿಡುತ್ತೇನೆ. ನೆಲಕ್ಕಿಡಿ ಎಂದರೆ ನೆಲಕ್ಕಿಡಿ! ಮಡಿಲು ಮಗುವಿಗೆ. ಅತ್ತೆಯವರು ಹೇಳಿದರೂ, ಮಾವನವರು ಹೇಳಿದರೂ ಎತ್ತಬೇಡಿ. ನನ್ನ ಹೆಸರು ಹೇಳಿ, ಬೈದರೆ ನನ್ನನ್ನು ಬೈಯಲಿ.

ಇನ್ನು ಮೇಲೆ ನಮ್ಮಲ್ಲಿ ಎತ್ತರದ ಕೇಕ್ ಬೇಕೆಂದರೆ, ಮೊದಲು ಅಳತೆ ಟೇಪ್ ಹಿಡಿದು ನಿಮ್ಮ ಕಾರಿನ ಮುಂದಿನ ಸೀಟಿನ ಎದುರಿನ ಜಾಗವನ್ನು ಅಳೆದು ಕಳುಹಿಸಿ: ಅಗಲ, ಉದ್ದ, ಮೇಲೆ ಡ್ಯಾಶ್‌ಬೋರ್ಡಿನವರೆಗಿನ ಎತ್ತರ. ಅಲ್ಲಿ ಹಿಡಿಸದಿದ್ದರೆ ಡಿಕ್ಕಿಯ ನೆಲದ ಅಳತೆ ಕಳುಹಿಸಿ. ಆ ಅಳತೆ ಬಂದ ಮೇಲೆಯೇ ಕೇಕಿನ ಎತ್ತರ ಎಷ್ಟು ಎಂದು ಹೇಳುತ್ತೇನೆ.